ಬಿರುಕಿಗೆ ಇನ್ನೊಂದು ವೆಲ್ಡಿಂಗ್ ಮದ್ದಲ್ಲ

ಟ್ರ್ಯಾಕ್ಟರ್ ಸೈಲೆನ್ಸರ್ ಬಿರುಕು ಬಿಟ್ಟರೆ ನಮ್ಮ ಕಡೆ ಏನು ಮಾಡುತ್ತೇವೆ? ವೆಲ್ಡಿಂಗ್ ಅಂಗಡಿಗೆ ಒಯ್ದು ಅದರ ಮೇಲೆಯೇ ಇನ್ನೊಂದು ಸಾಲು ವೆಲ್ಡಿಂಗ್ ಹೊಡೆಸುತ್ತೇವೆ. ಸ್ವಲ್ಪ ದಿನದಲ್ಲಿ ಪಕ್ಕದಲ್ಲೇ ಮತ್ತೆ ಬಿರುಕು. ಬೈಗುಳವೆಲ್ಲ ವೆಲ್ಡರ್‌ಗೆ. ಟ್ರ್ಯಾಕ್ಟರ್ ಕೆಟ್ಟರೆ ಬದುವಿನ ಪಕ್ಕ ನಿಲ್ಲುತ್ತದೆ. ಅದೇ ವಿಮಾನವಾದರೆ?

ಅಮೆರಿಕದಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲೇ ಪುಟ್ಟ ವಿಮಾನ ಕಟ್ಟಿ ಹಾರಿಸುವವರು ಬಹಳ ಮಂದಿ. ಕಾನೂನಿನಲ್ಲೇ ಅದಕ್ಕೆ ಅವಕಾಶವಿದೆ. ಅವರಲ್ಲಿ ಕೆಲವರು ದುಬಾರಿ ವಿಮಾನ ಎಂಜಿನ್ ಬಿಟ್ಟು ಮಜ್ದಾ ಆರ್‌ಎಕ್ಸ್-7 ಕಾರಿನ 13ಬಿ ರೋಟರಿ ಎಂಜಿನ್ ಕೂರಿಸುತ್ತಾರೆ. ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ತ್ರಿಕೋನಾಕಾರದ ಎರಡು ರೋಟರ್‌ಗಳು ತಿರುಗುತ್ತವೆ, ಅಷ್ಟೆ. ಗಟ್ಟಿಮುಟ್ಟಾದ ಎಂಜಿನ್. ಅದರ ಬಿಸಿ ಹೊಗೆ ಮಾತ್ರ ಪೈಪನ್ನು ತಿನ್ನುತ್ತದೆ.

ಉರಿ ಪೂರ್ತಿ ಆರುವ ಮುನ್ನವೇ ಹೊಗೆ ಹೊರಗೆ ನುಗ್ಗುವುದರಿಂದ ಅದರ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕಾರಿಗೆ ಪೂರ್ತಿ ಶಕ್ತಿ ಬೇಕಾಗುವುದು ಕೆಲವು ಕ್ಷಣ. ವಿಮಾನದ ಎಂಜಿನ್ ಹೆಚ್ಚಿನ ಶಕ್ತಿಯಲ್ಲೇ ಗಂಟೆಗಟ್ಟಲೆ ಓಡಬೇಕು.

ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂಬುದು ಗಾಡಿ ಚಕ್ರಕ್ಕೆ ಹಳಿ ತೊಡಿಸುವ ನಮ್ಮ ಕಮ್ಮಾರರಿಗೆ ಗೊತ್ತು. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಹೆಚ್ಚು ಹಿಗ್ಗುತ್ತದೆ. ಅರ್ಧ ಮೀಟರ್ ಪೈಪಿನ ಬಿಸಿ 700 ಡಿಗ್ರಿ ಏರಿದರೆ ಅದು ಸುಮಾರು 6 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಬಿಗಿದು ಕಟ್ಟಿದ್ದರೆ ಅದು ಎಲ್ಲಿಗೆ ಹೋಗಬೇಕು? ಪ್ರತಿ ಹಾರಾಟದಲ್ಲೂ ತಳ್ಳಿ, ಎಳೆದು, ಕೊನೆಗೆ ದಪ್ಪ ಫ್ಲ್ಯಾಂಜಿಗೆ ತೆಳು ಪೈಪ್ ಕೂಡುವ ವೆಲ್ಡಿಂಗ್ ಅಂಚಿನಲ್ಲಿ ಸೀಳುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮೊದಲು ಪೈಪಿಗೆ ಜಾಗ ಕೊಡಿ, ಆಮೇಲೆ ವೆಲ್ಡಿಂಗ್ ಮಾತು. ಒಂದರೊಳಗೊಂದು ಜಾರುವ ಸ್ಲಿಪ್ ಜಾಯಿಂಟ್ ಇಲ್ಲವೇ ಬಾಲ್ ಜಾಯಿಂಟ್ ಇರಲಿ. ಮಫ್ಲರಿನ ಭಾರ ಪೈಪಿನ ಮೇಲೆ ಬೀಳದಿರಲಿ. ಆಸರೆಯನ್ನು ಎಂಜಿನ್ನಿಗೇ ಕೊಡಿ, ವಿಮಾನದ ಒಡಲಿಗಲ್ಲ. ಎಂಜಿನ್ ರಬ್ಬರ್ ಮೇಲೆ ಕೂತು ಅಲುಗಾಡುತ್ತಿರುತ್ತದೆ, ಒಡಲು ಅದರ ಜೊತೆ ಅಲುಗುವುದಿಲ್ಲ.

ಲೋಹದಲ್ಲಿ ಚೌಕಾಸಿ ಬೇಡ. ಸಾಮಾನ್ಯ 304 ಸ್ಟೇನ್‌ಲೆಸ್ ಸ್ಟೀಲ್ ಬಹುಕಾಲ ಕಾದರೆ ವೆಲ್ಡಿಂಗ್ ಅಕ್ಕಪಕ್ಕ ದುರ್ಬಲವಾಗುತ್ತದೆ. ಟೈಟಾನಿಯಂ ಬೆರೆತ 321 ಇದನ್ನು ತಡೆಯುತ್ತದೆ. ಇಂಕೊನೆಲ್ 625 ಇನ್ನೂ ತಾಳುತ್ತದೆ, ಬೆಲೆಯೂ ಹಾಗೇ ಇದೆ. ಟಿಗ್ ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಅನಿಲ ಬಿಡಬೇಕು. ಇಲ್ಲದಿದ್ದರೆ ಒಳಮೈ ಸುಟ್ಟು ಸಕ್ಕರೆಯಂತೆ ಹರಳುಗಟ್ಟುತ್ತದೆ. ಬಿರುಕು ಅಲ್ಲಿಂದಲೇ ಶುರುವಾಗಬಹುದು.

ಪತ್ರಕರ್ತನಾಗಿ ನನಗೆ ನಾಟಿದ ಎಚ್ಚರಿಕೆ ಇನ್ನೊಂದಿದೆ: ಪೈಪಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಬಾರದು. ಕಾದಾಗ ಅದರ ಇಂಗಾಲ ಲೋಹಕ್ಕೆ ಇಳಿದು ಆ ಗೆರೆಯಲ್ಲೇ ಬಿರುಕು ಬಿಡಬಹುದು.

ಇಷ್ಟು ತಲೆಬಿಸಿ ಯಾಕೆಂದರೆ, ಬಿರುಕಿನಿಂದ ಹೊರಬರುವ ಬೆಂಕಿಯಂಥ ಗಾಳಿಯ ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇರಬಹುದು. ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪೈಲಟ್ ಕೂರುವ ಜಾಗಕ್ಕೆ ನುಗ್ಗಬಹುದು. ಅಲ್ಲಿನ ನಿಯಮ 12 ತಿಂಗಳಿಗೊಮ್ಮೆ ತಪಾಸಣೆ ಕೇಳುತ್ತದೆ. ನನ್ನನ್ನು ಕೇಳಿದರೆ ಅದು ಸಾಲದು. ಎಂಜಿನ್ ಮುಚ್ಚಳ ತೆಗೆದಾಗಲೆಲ್ಲ ಟಾರ್ಚ್ ಹಿಡಿದು ಬೆಸುಗೆಯ ಅಂಚು ನೋಡಬೇಕು. ಬೂದು ಗೆರೆ ಕಂಡರೆ ಅನುಮಾನಪಡಬೇಕು. ಎಂಜಿನ್ ತಣ್ಣಗಿರುವಾಗ ಪೈಪಿನೊಳಗೆ ಗಾಳಿ ಊದಿ, ಮೇಲೆ ಸೋಪಿನ ನೀರು ಸವರಿದರೆ ಪಂಕ್ಚರ್ ಟ್ಯೂಬಿನಂತೆ ಗುಳ್ಳೆ ಏಳುತ್ತದೆ. ಖರ್ಚು ಏನೂ ಇಲ್ಲ.

ತಾನೇ ಕಟ್ಟಿದ ವಿಮಾನ ಎಂದರೆ ತಪ್ಪನ್ನು ಹೊರಿಸಲು ಬೇರೆ ಯಾವ ಕಂಪನಿಯೂ ಇಲ್ಲ. ಹಾಗಾಗಿ ಬಿರುಕು ಕಂಡಾಗ ವೆಲ್ಡರ್‌ನನ್ನು ಬೈಯುವ ಮೊದಲು ಪೈಪಿನ ಎರಡೂ ತುದಿ ಹೇಗೆ ಕಟ್ಟಿದ್ದೀರಿ, ನೋಡಿ. ಟ್ರ್ಯಾಕ್ಟರ್ ಇರುವವರಿಗೂ ಇದೇ ಮಾತು.