ಬಡಿದ ಲೋಹಕ್ಕೆ ಬೆಂಕಿಯ ಶುಶ್ರೂಷೆ

ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಕೈಯಿಂದ ಬಡಿದು ರೂಪಿಸುವ ಕಸಬುದಾರರು ನಮ್ಮ ಗಡಿಪ್ರದೇಶಗಳಲ್ಲಿ ಈಗ ವಿರಳ. ಆದರೆ ಅವರ ಕೈಯಿಂದ ಬಂದ ಹಂಡೆ, ಕೊಪ್ಪರಿಗೆ, ಕೊಡಗಳು ಅನೇಕ ಮನೆಗಳಲ್ಲಿ ಇನ್ನೂ ಉಳಿದಿವೆ. ಕಾಸರಗೋಡಿನ ಕಡೆ ಬಚ್ಚಲೊಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಯಾಗಲಿ, ಸೊಲ್ಲಾಪುರದ ಕಡೆ ನೀರು ಕಾಯಿಸುವ ತಾಮ್ರದ ಬಂಬವಾಗಲಿ, ಒಂದು ಕಾಲಕ್ಕೆ ಚಪ್ಪಟೆಯಾದ ತಗಡಾಗಿತ್ತು. ಆ ತಗಡು ಹೊಟ್ಟೆ ಉಬ್ಬಿದ ಪಾತ್ರೆಯಾದುದು ಸುತ್ತಿಗೆಯೊಂದರಿಂದಲೇ ಅಲ್ಲ. ಸುತ್ತಿಗೆಯಷ್ಟೇ ಕೆಲಸವನ್ನು ಬೆಂಕಿಯೂ ಮಾಡಿದೆ. ಆ ಬೆಂಕಿ ಮಾಡಿದ ಕೆಲಸವೇನು ಎಂಬುದನ್ನು ಈ ತಿಂಗಳು ನಾವು ವಿಚಾರಿಸೋಣ. ಇದು ಕುಲುಮೆಯವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ನಮ್ಮ ಅಡುಗೆಮನೆಯ ಕ್ಷೇಮವೂ ಇದರೊಡನೆ ಹೆಣೆದುಕೊಂಡಿದೆ.

ತಾಮ್ರದ ತಗಡನ್ನು ಬಡಿಯತೊಡಗಿದಾಗ ಅದು ಮೊದಮೊದಲು ಹೇಳಿದಂತೆ ಕೇಳುತ್ತದೆ. ಪ್ರತಿಯೊಂದು ಪೆಟ್ಟಿಗೂ ತಗ್ಗುತ್ತದೆ, ಬಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದರ ಗುಣ ಬದಲಾಗುತ್ತದೆ. ಮಂದವಾಗಿದ್ದ ಸದ್ದು ಖಣಖಣಿಸತೊಡಗುತ್ತದೆ. ಸುತ್ತಿಗೆ ಪುಟಿದು ಹಿಂದಕ್ಕೆ ಬರುತ್ತದೆ. ಲೋಹ ಗಡಸಾಯಿತೆಂದು ಇದರ ಅರ್ಥ. ಅನುಭವಸ್ಥನಾದ ಕೆಲಸಗಾರ ಅಲ್ಲಿಗೆ ಕೈ ನಿಲ್ಲಿಸಿ, ಪಾತ್ರೆಯನ್ನು ಕುಲುಮೆಯಲ್ಲಿಟ್ಟು ಮಸುಕಾದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ, ಆರಿಸಿ, ಮತ್ತೆ ಬಡಿಯುತ್ತಾನೆ. ಒಂದು ಪಾತ್ರೆ ಮುಗಿಯುವುದರೊಳಗೆ ಹೀಗೆ ಹಲವು ಸಲ ಆಗಬೇಕು. ಅವಸರಪಟ್ಟು ಇನ್ನೂ ನಾಲ್ಕು ಪೆಟ್ಟು ಹಾಕೋಣವೆಂದು ಹೊರಟವನಿಗೆ ಅಂಚಿನಲ್ಲಿ ಸೀಳು ಬಿಡುತ್ತದೆ. ದಿನಗಟ್ಟಲೆಯ ದುಡಿಮೆ ಮತ್ತು ಬೆಲೆಬಾಳುವ ತಗಡು ಎರಡೂ ಒಂದೇ ಗಳಿಗೆಯಲ್ಲಿ ನಷ್ಟ. ಹೀಗೆ ಕಾಸಿ ಆರಿಸಿ ಲೋಹವನ್ನು ಮತ್ತೆ ಹದಕ್ಕೆ ತರುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಅನೀಲಿಂಗ್ ಎನ್ನುತ್ತಾರೆ. ನಾವು ‘ಹದಗಾಸುವಿಕೆ’ ಎಂದು ಕರೆಯೋಣ.

ಒಳಗೆ ನಡೆಯುವುದೇನು?

ಕಣ್ಣಿಗೆ ಏಕರೂಪವಾಗಿ ಕಾಣುವ ಲೋಹ ವಾಸ್ತವವಾಗಿ ಅಸಂಖ್ಯ ಸಣ್ಣ ಹರಳುಗಳ ಒಕ್ಕೂಟ. ಕಲ್ಲುಸಕ್ಕರೆಯ ಹರಳಿನಂತೆಯೇ ಇಲ್ಲಿಯೂ ಪರಮಾಣುಗಳು ಸಾಲುಸಾಲಾಗಿ ಕ್ರಮವಾಗಿ ನಿಂತಿರುತ್ತವೆ. ಒಂದು ಹರಳಿನ ಸಾಲುಗಳು ಒಂದು ದಿಕ್ಕಿಗಿದ್ದರೆ ಪಕ್ಕದ ಹರಳಿನವು ಇನ್ನೊಂದು ದಿಕ್ಕಿಗೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೆನ್ರಿ ಕ್ಲಿಫ್ಟನ್ ಸಾರ್ಬಿ ಎಂಬ ವಿಜ್ಞಾನಿ 1860ರ ದಶಕದಲ್ಲಿ ಉಕ್ಕಿನ ತುಣುಕನ್ನು ಕನ್ನಡಿಯಂತೆ ಉಜ್ಜಿ, ಆಮ್ಲದಿಂದ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಈ ಒಳರಚನೆಯನ್ನು ನೋಡಿದನು. ಲೋಹದ ಗುಣಕ್ಕೂ ಅದರ ಹರಳುಗಳಿಗೂ ಇರುವ ಸಂಬಂಧವನ್ನು ಕಣ್ಣಾರೆ ಕಂಡು ಅಭ್ಯಸಿಸುವ ಶಾಸ್ತ್ರ ಅಲ್ಲಿಂದ ಬೆಳೆಯಿತು.

ಪೆಟ್ಟು ಬಿದ್ದಾಗ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಆದರೆ ಇಡೀ ಪದರ ಒಮ್ಮೆಗೇ ಜಾರುವುದಿಲ್ಲ. ಮದುವೆ ಚಪ್ಪರದಲ್ಲಿ ಹಾಸಿದ ಉದ್ದನೆಯ ಜಮಖಾನವನ್ನು ಸ್ವಲ್ಪ ಸರಿಸಬೇಕಾದರೆ ಏನು ಮಾಡುತ್ತೇವೆ? ಒಂದು ತುದಿಯಲ್ಲಿ ಸುಕ್ಕೆಬ್ಬಿಸಿ, ಆ ಸುಕ್ಕನ್ನು ಇನ್ನೊಂದು ತುದಿಯವರೆಗೆ ತಳ್ಳಿಕೊಂಡು ಹೋಗುತ್ತೇವೆ, ಜಮಖಾನ ಸರಿದಿರುತ್ತದೆ. ಲೋಹದಲ್ಲಿಯೂ ಇಂತಹ ಸುಕ್ಕುಗಳಿವೆ. ಪರಮಾಣುಗಳ ಸಾಲು ತಪ್ಪಿದ ಗೆರೆಗಳವು. ‘ಸಾಲುತಪ್ಪು’ ಎಂದರೆ ಸಾಕು. ಟೇಲರ್, ಒರೋವಾನ್, ಪೋಲಾನ್ಯಿ ಎಂಬ ಮೂವರು ವಿಜ್ಞಾನಿಗಳು 1934ರಲ್ಲಿ ಬೇರೆಬೇರೆಯಾಗಿಯೇ ಈ ವಿಚಾರವನ್ನು ಮಂಡಿಸಿದರು. 1956ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ಗೆರೆಗಳು ಚಲಿಸುವುದನ್ನು ನೇರವಾಗಿ ನೋಡುವುದೂ ಸಾಧ್ಯವಾಯಿತು.

ಹದಗಾಸಿದ ಮೆದು ಲೋಹದಲ್ಲಿ ಒಂದು ಚದರ ಸೆಂಟಿಮೀಟರಿನಷ್ಟು ಜಾಗವನ್ನು ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೆ ಸಾಲುತಪ್ಪುಗಳು ಹಾದುಹೋಗಿರುತ್ತವೆ. ಚೆನ್ನಾಗಿ ಬಡಿದ ಲೋಹದಲ್ಲಿ ಈ ಸಂಖ್ಯೆ ಹತ್ತು ಸಾವಿರ ಕೋಟಿಯನ್ನು ಮುಟ್ಟಿ, ಲಕ್ಷ ಕೋಟಿಯವರೆಗೂ ಏರುತ್ತದೆ. ಅವು ಒಂದಕ್ಕೊಂದು ಅಡ್ಡಬಂದು, ತೊಡಕಿಕೊಂಡು, ಚಲಿಸದಂತಾಗುತ್ತವೆ. ಜಮಖಾನದ ತುಂಬ ಅಡ್ಡಾದಿಡ್ಡಿ ಸುಕ್ಕುಗಳೆದ್ದರೆ ಯಾವುದನ್ನೂ ಮುಂದೆ ತಳ್ಳಲಾಗುವುದಿಲ್ಲವಷ್ಟೆ? ಬಡಿದ ತಾಮ್ರದ ಗಡಸುತನವೆಂದರೆ ಇದೇ. ಸುತ್ತಿಗೆಯ ಶಕ್ತಿಯ ಬಹುಪಾಲು ಶಾಖವಾಗಿ ಹೊರಗೆ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ಈ ತೊಡಕುಗಳಲ್ಲಿ ಸೆರೆಯಾಗಿ ಉಳಿಯುತ್ತದೆ. ಹೊರಗೆ ನಯವಾಗಿ ಹೊಳೆಯುವ ಪಾತ್ರೆಯ ಒಳಗೆ ಬಿಗುವು ಅಡಗಿರುತ್ತದೆ.

ಬೆಂಕಿಯ ಮೂರು ಹಂತಗಳು

ಕಾಯಿಸಿದಾಗ ಪರಮಾಣುಗಳಿಗೆ ಸ್ಥಳ ಬದಲಿಸುವ ಚೈತನ್ಯ ಬರುತ್ತದೆ. ಅಲ್ಲಿಂದ ಮುಂದಿನ ಕೆಲಸ ಮೂರು ಹಂತಗಳಲ್ಲಿ ಸಾಗುತ್ತದೆ.

ಮೊದಲನೆಯದು ಚೇತರಿಕೆ. ಕಡಿಮೆ ಶಾಖದಲ್ಲಿಯೇ ಕೆಲವು ಸಾಲುತಪ್ಪುಗಳು ಪರಸ್ಪರ ಅಳಿದುಹೋಗುತ್ತವೆ; ಉಳಿದವು ಒಂದು ಕ್ರಮಕ್ಕೆ ಬರುತ್ತವೆ. ಒಳಗಿನ ಬಿಗುವು ಬಹುಮಟ್ಟಿಗೆ ಇಳಿಯುತ್ತದೆ, ಆದರೆ ಗಡಸುತನ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಎರಡನೆಯದು ಹೊಸ ಹರಳುಗಳ ಹುಟ್ಟು. ಜಜ್ಜಿಹೋದ ಹಳೆಯ ಹರಳುಗಳ ನಡುವೆ ದೋಷವಿಲ್ಲದ ಪುಟ್ಟ ಹರಳುಗಳು ತಲೆಯೆತ್ತಿ, ಹಳೆಯವನ್ನು ನುಂಗುತ್ತ ಬೆಳೆದು, ಕೊನೆಗೆ ಇಡೀ ಲೋಹವನ್ನೇ ಆವರಿಸುತ್ತವೆ. ಲೋಹ ಕರಗದೆ, ಘನವಾಗಿದ್ದಂತೆಯೇ, ಒಳಗಿನಿಂದ ಹೊಸದಾಗುತ್ತದೆ. ಪಾತ್ರೆ ಮತ್ತೆ ಮೆದುವಾಗುವುದು ಈ ಹಂತದಲ್ಲಿ. ಮೂರನೆಯದು ಹರಳುಗಳ ಬೆಳವಣಿಗೆ. ಶಾಖ ಇನ್ನೂ ಏರಿದರೆ, ಇಲ್ಲವೆ ಬಹಳ ಹೊತ್ತು ನಿಂತರೆ, ದೊಡ್ಡ ಹರಳುಗಳು ಸಣ್ಣವನ್ನು ಕಬಳಿಸುತ್ತವೆ. ಇದು ಕೆಲಸಗಾರನಿಗೆ ಬೇಡವಾದ ಹಂತ. ಹರಳು ದಪ್ಪವಾದರೆ ಬಲ ಕುಂದುತ್ತದೆ; ಮತ್ತೆ ಬಡಿದಾಗ ಮೈ ಕಿತ್ತಳೆಯ ಸಿಪ್ಪೆಯಂತೆ ತರಿತರಿಯಾಗುತ್ತದೆ. ಹೆಚ್ಚು ಕಾಯಿಸಿದರೆ ಹೆಚ್ಚು ಒಳ್ಳೆಯದೆಂಬ ಭಾವನೆ ಇಲ್ಲಿ ಸಲ್ಲದು.

ಈ ಹದ ಲೋಹದಿಂದ ಲೋಹಕ್ಕೆ ಬೇರೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅದನ್ನು ಹದಗಾಸುವುದು ಸಾಮಾನ್ಯವಾಗಿ 400ರಿಂದ 650 ಡಿಗ್ರಿಗಳ ನಡುವೆ. ಸೀಸದ ಹೊಸ ಹರಳುಗಳಾದರೋ ಸಾಮಾನ್ಯ ಹವೆಯ ಶಾಖದಲ್ಲಿಯೇ ಹುಟ್ಟುತ್ತವೆ. ಆದುದರಿಂದಲೇ ಸೀಸವನ್ನು ಎಷ್ಟು ಬಡಿದರೂ ಅದು ಗಡಸಾಗಿ ನಿಲ್ಲುವುದಿಲ್ಲ.

ಆರಿಸುವ ಕ್ರಮವೂ ಒಂದೇ ಅಲ್ಲ. ಕೆಂಪಗೆ ಕಾದ ತಾಮ್ರವನ್ನು ನೀರಿಗೆ ಅದ್ದಿದರೂ ಅದು ಮೆದುವಾಗಿಯೇ ಉಳಿಯುತ್ತದೆ. ಕತ್ತಿ ಮಾಡುವ ಉಕ್ಕನ್ನು ಹಾಗೆ ಅದ್ದಿದರೆ ಅತ್ಯಂತ ಗಡಸಾಗಿ, ಬಿರುಸಾಗಿಬಿಡುತ್ತದೆ. ಅದನ್ನು ಮೆದುವಾಗಿಸಬೇಕಾದರೆ ಕುಲುಮೆಯ ಶಾಖದಲ್ಲಿಯೇ ನಿಧಾನವಾಗಿ ಆರಗೊಡಬೇಕು. ತವರದ ಪಾಲು ನೂರಕ್ಕೆ 22–23ರಷ್ಟಿರುವ ಕಂಚಿನ ಸ್ವಭಾವ ಇದಕ್ಕೆ ತೀರ ವಿರುದ್ಧ: ನಿಧಾನವಾಗಿ ಆರಿದರೆ ಗಾಜಿನಂತೆ ಒಡೆಯುತ್ತದೆ, ನೀರಿಗದ್ದಿದರೆ ತಾಳಿಕೊಳ್ಳುವ ಗುಣ ಪಡೆಯುತ್ತದೆ. ಕೇರಳದ ಕಂಚುಗಾರರು ಇಂತಹ ಕಂಚನ್ನು ಕಾಸಿ ಬಡಿದು, ನೀರಿಗದ್ದಿ, ತೆಳ್ಳನೆಯ ಬಟ್ಟಲುಗಳನ್ನು ಮಾಡುತ್ತಿದ್ದರು.

ಮಳೆಗಾಲದಲ್ಲಿ ಬಿರಿದ ಹಿತ್ತಾಳೆ

ಒಳಗಿನ ಬಿಗುವನ್ನು ಅಲಕ್ಷಿಸಿದರೆ ಏನಾದೀತೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಿದ್ಧ ನಿದರ್ಶನವಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಅವರ ಸೈನ್ಯದ ಬಂದೂಕಿನ ತೋಟಾಗಳ ಹಿತ್ತಾಳೆಯ ಕೊಳವೆಗಳು ಬಳಸುವ ಮೊದಲೇ, ಇಟ್ಟಲ್ಲಿಯೇ ಬಿರುಕು ಬಿಡುತ್ತಿದ್ದವು. ಯಾರೂ ಮುಟ್ಟಿಲ್ಲ, ಏನೂ ತಾಕಿಲ್ಲ. ಆದರೂ ಲೋಹ ಸೀಳಿದೆ. ಈ ಉಪದ್ರವ ಮಳೆಗಾಲದಲ್ಲಿ ಹೆಚ್ಚು, ಕುದುರೆಲಾಯಗಳಲ್ಲಿ ಇಟ್ಟಿದ್ದ ದಾಸ್ತಾನಿನಲ್ಲಿ ಹೆಚ್ಚು. ಕಾಲಮಾನಕ್ಕೆ ತಕ್ಕಂತೆ ಬರುವುದರಿಂದ ಅದಕ್ಕೆ ‘ಋತುಬಿರುಕು’ ಎಂಬರ್ಥದ ಹೆಸರೇ ಬಿದ್ದಿತು.

1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಸಂಶೋಧಕರು ಈ ಒಗಟನ್ನು ಬಿಡಿಸಿದರು. ತೋಟಾದ ಕೊಳವೆಯನ್ನು ಹಿತ್ತಾಳೆಯ ಬಿಲ್ಲೆಯಿಂದ ಒತ್ತಿ ಎಳೆದು ತಯಾರಿಸುತ್ತಾರೆ. ಹಾಗೆ ಎಳೆದುದರ ಬಿಗುವು ಲೋಹದಲ್ಲಿ ಉಳಿದಿತ್ತು. ಕುದುರೆಗಳ ಮೂತ್ರದಿಂದೆದ್ದ ಅಮೋನಿಯಾ ಮಳೆಗಾಲದ ತೇವದೊಡನೆ ಸೇರಿ ಹಿತ್ತಾಳೆಯನ್ನು ತಾಕಿ, ಬಿಗಿದುಕೊಂಡಿದ್ದ ಲೋಹವನ್ನು ಹರಳುಗಳ ಸಂದಿನಲ್ಲಿಯೇ ಸೀಳುತ್ತಿತ್ತು. ಬಿಗುವು, ಅಮೋನಿಯಾ ಎರಡೂ ಕೂಡಿದಾಗಲೇ ಈ ಕೇಡು. ಪರಿಹಾರ ಸರಳವಾಗಿತ್ತು: ಕೊಳವೆಗಳನ್ನು ಸುಮಾರು 250ರಿಂದ 300 ಡಿಗ್ರಿಗಳಷ್ಟು ಹಿತವಾಗಿ ಕಾಯಿಸಿದರೆ ಬಿಗುವು ಇಳಿಯುತ್ತದೆ, ಬೇಕಾದ ಗಡಸುತನ ಉಳಿಯುತ್ತದೆ. ಮೇಲೆ ನಾವು ಚೇತರಿಕೆಯೆಂದು ಕರೆದ ಹಂತವೇ ಇದು. ಒತ್ತಿ ಮಾಡಿದ ತೆಳ್ಳನೆಯ ಹಿತ್ತಾಳೆಯ ಕೊಡ, ತಂಬಿಗೆಗಳನ್ನು ದನದ ಕೊಟ್ಟಿಗೆಯ ಅಟ್ಟದಲ್ಲಿ ಬಹುಕಾಲ ತುಂಬಿಡದಿರುವುದು ಒಳ್ಳೆಯದೆಂಬ ಪಾಠವನ್ನು ನಮ್ಮ ರೈತ ಮನೆತನಗಳೂ ಇದರಿಂದ ಕಲಿಯಬಹುದು.

ಗಡಸುತನ ಎಲ್ಲೆಡೆಯೂ ದೋಷವೆಂದು ಮಾತ್ರ ತಿಳಿಯಬಾರದು. ಮನೆಯ ಗೋಡೆಯೊಳಗೆ ಹಾಯುವ ವಿದ್ಯುತ್ ತಂತಿ ಹದಗಾಸಿದ ತಾಮ್ರದ್ದು. ಅದು ಸುಲಭವಾಗಿ ಬಾಗಬೇಕು. ಲೋಹಗಳ ವಿದ್ಯುದ್ವಾಹಕತೆಯನ್ನು ಅಳೆಯಲು 1913ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಪಡಿಸಿದ ಮಾನಕವೂ ಹದಗಾಸಿದ ತಾಮ್ರವೇ. ಅದರ ವಾಹಕತೆ 100 ಎಂದು ಲೆಕ್ಕ. ಗಡಸಾಗಿ ಎಳೆದ ತಾಮ್ರದ್ದು ಸುಮಾರು 97. ಆದರೆ ವಿದ್ಯುತ್ ರೈಲಿನ ನೆತ್ತಿಯ ಮೇಲೆ ಬಿಗಿದ ತಂತಿ ಸದಾ ಉಜ್ಜಿಸಿಕೊಳ್ಳಬೇಕು, ಜೋಲಬಾರದು. ಅಲ್ಲಿ ಗಡಸು ತಾಮ್ರವೇ ಯೋಗ್ಯ. ವಾಹಕತೆಯಲ್ಲಿ ಆಗುವ ಆ ಸ್ವಲ್ಪ ನಷ್ಟವನ್ನು ಒಪ್ಪಿಕೊಳ್ಳುತ್ತಾರೆ.

ನಮ್ಮ ಅಡುಗೆಮನೆಯಲ್ಲಿ

ಅಡುಗೆ ಅನಿಲದ 14.2 ಕಿಲೋ ಸಿಲಿಂಡರನ್ನು ನಾವು ದಿನವೂ ನೋಡುತ್ತೇವೆ. ಉಕ್ಕಿನ ದುಂಡು ತಗಡುಗಳನ್ನು ಒತ್ತಿ ಎರಡು ಬೋಗುಣಿಗಳಂತೆ ಮಾಡಿ, ನಡುವೆ ಬೆಸೆದು ಅದನ್ನು ತಯಾರಿಸುತ್ತಾರೆ. ಒತ್ತಿದ್ದರಿಂದ ಬಂದ ಬಿಗುವು ಒಂದು, ಬೆಸುಗೆಯ ಶಾಖದಿಂದ ಬಂದ ಬಿಗುವು ಇನ್ನೊಂದು. ಆದಕಾರಣ ಬೆಸೆದ ಮೇಲೆ ಇಡೀ ಸಿಲಿಂಡರನ್ನು ಕುಲುಮೆಯಲ್ಲಿ ಕಾಯಿಸಿ ಆರಿಸಿ, ಆಮೇಲೆ ನೀರಿನ ಒತ್ತಡದಿಂದ ಪರೀಕ್ಷಿಸುತ್ತಾರೆ. ನಮ್ಮ ಮನೆಗೆ ಬರುವ ಮೊದಲು ಅದಕ್ಕೂ ಬೆಂಕಿಯ ಶುಶ್ರೂಷೆ ಆಗಿರುತ್ತದೆ.

ಅಳೆದು ಕೊಟ್ಟ ಬೆಂಕಿ ಹೀಗೆ ಲೋಹವನ್ನು ಕಾಪಾಡಿದರೆ, ಅಳತೆಯಿಲ್ಲದೆ ತಗುಲಿದ ಬೆಂಕಿ ಅದರ ಬಲವನ್ನು ಕಸಿಯುತ್ತದೆ. ಬೆಂಕಿ ಅನಾಹುತದಲ್ಲಿ ಸಿಕ್ಕಿದ ಸಿಲಿಂಡರು ಹೊರಗೆ ನೆಟ್ಟಗೆ ಕಂಡರೂ ಅದನ್ನು ಮತ್ತೆ ಬಳಸದೆ, ವಿಷಯವನ್ನು ವಿತರಕರಿಗೆ ತಿಳಿಸಿ ಒಪ್ಪಿಸಬೇಕು.

ಅಲ್ಯುಮಿನಿಯಂ ಕುಕ್ಕರಿನ ವಿಷಯದಲ್ಲಿ ನಮ್ಮ ಗೃಹಿಣಿಯರು ಇನ್ನೂ ಎಚ್ಚರದಿಂದಿರಬೇಕು. ಅದರ ಮೈ ತಗಡನ್ನು ಒತ್ತಿ ಎಳೆದು ಮಾಡಿದ್ದು. ಅದರ ಬಲದ ಒಂದು ಪಾಲು ಆ ಒತ್ತುವಿಕೆಯಿಂದಲೇ ಬಂದುದು. ಒಳಗೆ ನೀರಿರುವವರೆಗೆ ಅದರ ಶಾಖ 120 ಡಿಗ್ರಿಯ ಸುಮಾರಿನಲ್ಲಿಯೇ ನಿಲ್ಲುವುದರಿಂದ ಭಯವಿಲ್ಲ. ನೀರು ಪೂರ್ತಿ ಆರಿ ಒಲೆ ಉರಿಯುತ್ತಲೇ ಇದ್ದರೆ ತಳದ ಶಾಖ ಏರುತ್ತ ಹೋಗುತ್ತದೆ. 350 ಡಿಗ್ರಿಯ ಆಸುಪಾಸಿನಲ್ಲಿ ಅಲ್ಯುಮಿನಿಯಂ ಹದಗಾಸಿದಂತಾಗಿ ಮೆದುವಾಗುತ್ತದೆ. ಆಗ ಮುಚ್ಚಳದ ಸುರಕ್ಷಾ ಕವಾಟ ಕರಗಿರುತ್ತದೆ. ಅನೇಕರು ಕವಾಟವೊಂದನ್ನು ಹೊಸದಾಗಿ ಹಾಕಿಸಿ ಕುಕ್ಕರನ್ನು ಮತ್ತೆ ಒಲೆಗೇರಿಸುತ್ತಾರೆ. ಕವಾಟ ಹೊಸದಾದರೂ ಮೈ ಹಳೆಯ ಬಲದಲ್ಲಿ ಉಳಿದಿರಲಾರದು. ಬಹಳ ಹೊತ್ತು ಬರಿದೇ ಕಾದ ಕುಕ್ಕರಿನ ತಳ ಉಬ್ಬಿದೆಯೇ, ಬಾಯಿ ಸೊಟ್ಟಗಾಗಿದೆಯೇ ಎಂದು ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು. ಸಂದೇಹವಿದ್ದರೆ ಅದನ್ನು ಬಿಟ್ಟುಬಿಡುವುದೇ ಸರಿ. ಒತ್ತಡದ ಪಾತ್ರೆಯಲ್ಲಿ ಉಳಿತಾಯದ ಲೆಕ್ಕ ನೋಡಬಾರದು.

ಈಳಿಗೆ, ಮೆಟ್ಟುಕತ್ತಿ, ಕುಡುಗೋಲುಗಳಿಂದ ಒಲೆಯ ಕೆಂಡ ಕೆದಕಬಾರದೆಂದು ಹಿರಿಯರು ಗದರಿಸುತ್ತಿದ್ದುದಕ್ಕೂ ಇದೇ ಕಾರಣ. ಕಮ್ಮಾರ ಕಾಸಿ, ನೀರಿಗದ್ದಿ, ಮತ್ತೆ ಹಿತವಾಗಿ ಕಾಯಿಸಿ ಆ ಅಲಗಿಗೆ ಹದ ಕೊಟ್ಟಿರುತ್ತಾನೆ. ಕೆಂಡದಲ್ಲಿಟ್ಟ ಅಲಗಿನ ಮೇಲೆ ನೀಲಿ ಬಣ್ಣ ಮೂಡಿತೆಂದರೆ ಶಾಖ 300 ಡಿಗ್ರಿಯನ್ನು ಸಮೀಪಿಸಿತೆಂದು ಅರ್ಥ. ಅದನ್ನೂ ಮೀರಿ ಕಾದಷ್ಟೂ ಅಲಗು ಮೆದುವಾಗುತ್ತದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಅದಕ್ಕೆ ಹದ ಮರಳಿ ಬರಬೇಕಾದರೆ ಮತ್ತೆ ಕಮ್ಮಾರನ ಕುಲುಮೆಗೇ ಹೋಗಬೇಕು.