ಬಿಸಿಯಾದ ಕೊಳವೆಗೂ ಜಾಗ ಬೇಕು

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಾ ಹಾಕುವುದನ್ನು ಹಿರಿಯರು ನೋಡಿರುತ್ತಾರೆ. ಚಕ್ರಕ್ಕಿಂತ ತುಸು ಚಿಕ್ಕದಾದ ಪಟ್ಟಾ ಕಾಯಿಸಿದಾಗ ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ. ನೀರು ಸುರಿದಾಗ ಕುಗ್ಗಿ ಬಿಗಿಯಾಗುತ್ತದೆ. ಅಲ್ಲಿ ಉಪಕಾರ ಮಾಡುವ ಈ ಗುಣವೇ ವೇಗದ ಕಾರುಗಳಲ್ಲಿ ಉಪದ್ರವ ಕೊಡುವುದುಂಟು.

ಅಮೆರಿಕದ ಫೋರ್ಡ್ ಕಂಪನಿ 1964ರಲ್ಲಿ ಮಾರುಕಟ್ಟೆಗೆ ತಂದ ಮಸ್ಟಾಂಗ್ ಕಾರನ್ನೇ ತೆಗೆದುಕೊಳ್ಳಿ. ಎಂಟು ಸಿಲಿಂಡರಿನ ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಪಡೆಯಲು ಅಲ್ಲಿನ ಉತ್ಸಾಹಿಗಳು ಮೂಲ ಹೊಗೆಕೊಳವೆ ತೆಗೆದು, ಬೇರೆ ತಯಾರಕರ ಉದ್ದನೆಯ, ಅಗಲವಾದ ಕೊಳವೆ ಜೋಡಿಸುತ್ತಾರೆ. ಹೊಗೆ ಸರಾಗವಾಗಿ ಹೊರಬಿದ್ದರೆ ಎಂಜಿನ್ ಚೆನ್ನಾಗಿ ಉಸಿರಾಡುತ್ತದೆ, ನಿಜ. ಆದರೆ ಜಾಗ ಇಕ್ಕಟ್ಟು. ಹೊಸ ಕೊಳವೆ ಸ್ಟೀರಿಂಗ್ ದಂಡ, ಕಾರಿನ ತಳ ಅಥವಾ ಬ್ರೇಕ್ ನಳಿಗೆಯ ಮಗ್ಗುಲಲ್ಲೇ ಹಾಯಬೇಕಾಗುತ್ತದೆ.

ತಣ್ಣಗಿರುವಾಗ ಸಂದು ಸಾಕಷ್ಟಿದೆ ಎಂದು ಸಮಾಧಾನಪಡಬಾರದು. ಲೆಕ್ಕ ಹಾಕೋಣ. ಕೊಳವೆಯ ಉದ್ದ 3 ಮೀಟರ್. ಉಷ್ಣತೆ ಸರಾಸರಿ 300 ಡಿಗ್ರಿ ಸೆಲ್ಸಿಯಸ್ ಏರಿತೆನ್ನಿ. ಸಾಮಾನ್ಯ ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. ಅಂದರೆ ಸುಮಾರು 11 ಮಿಲಿಮೀಟರ್. ಹೊಸ ಕೊಳವೆಗಳಿಗೆ ಹೆಚ್ಚಾಗಿ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಉಕ್ಕು 17 ಪಾಲು ಹಿಗ್ಗುತ್ತದೆ: ಸುಮಾರು 15 ಮಿಲಿಮೀಟರ್! ಸಾಲದ್ದಕ್ಕೆ, ವೇಗ ಕೊಟ್ಟಾಗ ಎಂಜಿನ್ ತನ್ನ ರಬ್ಬರ್ ಆಸರೆಗಳ ಮೇಲೆ ಹೊರಳುತ್ತದೆ. ಕೊಳವೆಯೂ ಜೊತೆಗೆ ಅಲುಗುತ್ತದೆ.

ಕಾರಿನ ತಳಕ್ಕೆ ತಗಲಿದರೆ ಬರೀ ಸದ್ದು. ಬ್ರೇಕ್ ನಳಿಗೆಯ ಹತ್ತಿರ ಬಂದರೆ ಪ್ರಾಣಕ್ಕೇ ಸಂಚಕಾರ. ಡಾಟ್ 3 ದರ್ಜೆಯ ಹೊಸ ಬ್ರೇಕ್ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕು. ತೇವ ಹೀರಿದ ಮೇಲೆ ಅದಕ್ಕಿರುವ ಮಿತಿ 140 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯಾದರೆ, ಆವಿ ಸುಲಭವಾಗಿ ಸಂಕುಚಿಸುವುದರಿಂದ, ಪೆಡಲ್ ತುಳಿದರೂ ಬ್ರೇಕ್ ಹಿಡಿಯದು.

ಪರಿಹಾರವೇನು? ಮೊದಲು ಎಲ್ಲ ಜೋಡಣೆಗಳನ್ನು ಸಡಿಲವಾಗಿಟ್ಟು, ಕೊಳವೆಯನ್ನು ಪೂರ್ತಿ ನೇತುಹಾಕಿ, ಸಂದು ಸರಿಪಡಿಸಿಕೊಂಡು, ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು. ಜೋತುಬಿದ್ದ ರಬ್ಬರುಗಳನ್ನು ಬದಲಿಸಬೇಕು. ಹಿಗ್ಗುವಿಕೆಯನ್ನು ನುಂಗಿಕೊಳ್ಳಲು ನಡುವೆ ಬಾಗುವ ಸುಕ್ಕುಕೊಳವೆ ಇರಬೇಕು. ನಳಿಗೆಯ ಬಳಿ ಹೊಳೆಯುವ ಲೋಹದ ತಡೆ ಹಾಕಿ, ಹಿಂದೆ ಗಾಳಿಗೆ ಅಂತರ ಬಿಡಬೇಕು: ಹೊಳಪು ವಿಕಿರಣವನ್ನು ಹಿಂದಿರುಗಿಸುತ್ತದೆ, ಗಾಳಿ ಉಷ್ಣದ ಮಂದವಾಹಕ. ಒಂದಿಷ್ಟು ದೂರ ಓಡಿಸಿ, ಆರಿದ ಮೇಲೆ ಉಜ್ಜಿದ ಗುರುತುಗಳಿವೆಯೇ ಎಂದು ನೋಡಬೇಕು. ಜಾಗ ಮಾಡಲೆಂದು ಸ್ಟೀರಿಂಗ್ ದಂಡವನ್ನು ಉಜ್ಜುವುದು, ಬ್ರೇಕ್ ನಳಿಗೆಯನ್ನು ಬಡಿದು ಬಗ್ಗಿಸುವುದು ಕೂಡದು. ಇಷ್ಟಾದರೂ ಸಂದು ಸಿಗದಿದ್ದರೆ ಮೂಲ ಕೊಳವೆಯನ್ನೇ ಹಾಕುವುದು ಜಾಣತನ.

ಪೋಷಕರಿಗೊಂದು ಮಾತು: ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಮಕ್ಕಳನ್ನು ನುಸುಳಲು ಬಿಡಬೇಡಿ.

ವಿದ್ಯಾರ್ಥಿಗಳಿಗೊಂದು ಲೆಕ್ಕ: ಕೆಲವು ದುಬಾರಿ ಕೊಳವೆಗಳನ್ನು ಟೈಟಾನಿಯಂನಿಂದ ಮಾಡುತ್ತಾರೆ. ಅದರ ಹಿಗ್ಗುವಿಕೆ ಸುಮಾರು 9 ಪಾಲು. ಅಷ್ಟೇ ಉದ್ದದ ಕೊಳವೆ ಅಷ್ಟೇ ಬಿಸಿಯಾದರೆ ಎಷ್ಟು ಹಿಗ್ಗೀತು? 8 ಮಿಲಿಮೀಟರ್ ಆಸುಪಾಸಿನ ಉತ್ತರ ಬಂದರೆ ನಿಮ್ಮ ಲೆಕ್ಕ ಸರಿ.