ಕಬ್ಬಿಣ ವಾಪಸ್ ಕಳಿಸಿದ ಬೆಳಕು

ಹಾಗಲವಾಡಿಯ ನಮ್ಮ ತೋಟದ ಪಂಪು ಬಿಸಿಯಾಗಿತ್ತು. "ತಾತ, ಕರೆಂಟು ಶಾಖವಾಗಿ ಪೋಲಾಗದ ತಂತಿ ಇಲ್ಲವಾ?" ಎಂದಳು ಮೊಮ್ಮಗಳು.

ಇದೆ ಮಕ್ಕಳೇ, ಅತಿವಾಹಕ. ಕಾಂತಗುಣದ ಕಬ್ಬಿಣ ಅದಕ್ಕೆ ಶತ್ರು ಎಂದೇ ನಂಬಿಕೆಯಿತ್ತು. 2008ರಲ್ಲಿ ಜಪಾನಿನ ಹೊಸೊನೊ ತಂಡದ ಕಬ್ಬಿಣದ ಸಂಯುಕ್ತವೊಂದು ಸೊನ್ನೆಗಿಂತ 247 ಡಿಗ್ರಿ ಕೆಳಗೆ ಅತಿವಾಹಕವಾಯಿತು!

ಅದರೊಳಗೆ ಎಲೆಕ್ಟ್ರಾನುಗಳು ಜೋಡಿಯಾಗಿ ಓಡುತ್ತವೆ. ಜೋಡಿ ಮುರಿಯಲು ಬೇಕಾದ ಕನಿಷ್ಠ ಶಕ್ತಿಯೇ 'ಶಕ್ತಿ ಅಂತರ'. ಅಳೆಯಲು ಅವಗೆಂಪು ಬೆಳಕು ಬಿಡುತ್ತಾರೆ. ಶಕ್ತಿ ಸಾಲದ ಬೆಳಕು ಹೆಚ್ಚುಕಡಿಮೆ ಪೂರ್ತಿ ವಾಪಸ್. ಕನಿಷ್ಠ ಠೇವಣಿಗೆ ಹತ್ತು ರೂಪಾಯಿ ಕಡಿಮೆ ತಂದವರನ್ನು ಬ್ಯಾಂಕಿನಲ್ಲಿ ನಾನು ಕಳಿಸುತ್ತಿದ್ದೆನಲ್ಲ, ಹಾಗೆ. (ಪಾಪ, ಎಷ್ಟು ದೂರದಿಂದ ನಡೆದು ಬಂದಿರುತ್ತಿದ್ದರೋ!) ಶಕ್ತಿ ಏರಿಸಿದರೆ ಒಂದು ಹಂತದಲ್ಲಿ ಬೆಳಕು ಒಳಗೆ ಸೇರತೊಡಗುತ್ತದೆ. ಕಬ್ಬಿಣದ ಹಲವು ಅತಿವಾಹಕಗಳಲ್ಲಿ ಇಂಥ ಅಂತರ ಒಂದಕ್ಕಿಂತ ಹೆಚ್ಚು. ಕೌಂಟರಿಗೊಂದು ಠೇವಣಿ!

"ನಮ್ಮ ಪಂಪಿಗೆ ಯಾವಾಗ?" ಎಂದಳು. ಅಷ್ಟು ಚಳಿಯನ್ನು ಹಾಗಲವಾಡಿಗೆ ಎಲ್ಲಿಂದ ತರಲಿ?